ಹಿಂದಿನ ಸೀಟಿನ ಸಾಕ್ಷಿ

ಷಣ್ಮುಖಪ್ಪ ಮಾವನಿಗೆ, ಕಡೂರಿನ ನಿಮ್ಮ ಮನೆಯ ಜಗಲಿಯಿಂದಲೇ ಬರೆಯುತ್ತಿದ್ದೇನೆ.

ನೀವು ತೀರಿಕೊಂಡು ವರ್ಷವಾಯಿತು. ಆದರೂ ವಾರವಾರ ಹೊಸ ಕಾರು ಓಡಿಸುತ್ತಿದ್ದೀರಿ.

ನೀವು ಬರೆಯುತ್ತಿದ್ದ ಕಾರು ಮಾಸಪತ್ರಿಕೆ ನಿಮಗಿಂತ ಮೊದಲೇ ಕಣ್ಣು ಮುಚ್ಚಿತ್ತು. ಅದರ ಹೆಸರನ್ನು ಕೊಂಡವರು ಈಗ ವೆಬ್‌ಸೈಟ್ ನಡೆಸುತ್ತಾರೆ. ಕೊನೆಗಾಲದಲ್ಲಿ ನೀವು ಮಾಡಿದ್ದ ವಿಡಿಯೊಗಳನ್ನು ಯಂತ್ರಕ್ಕೆ ಉಣಿಸಿ, ನಿಮ್ಮ ದನಿಯಲ್ಲೇ ಎಲ್ಲ ಕಾರುಗಳನ್ನೂ ಹೊಗಳಿಸುತ್ತಾರೆ. ಅದೇ ದನಿ, ಮಾವ. ಕೆಮ್ಮು ಮಾತ್ರ ಇಲ್ಲ. ಬೈಗುಳವೂ ಇಲ್ಲ.

ನೀವಾದರೆ ಒಂದು ಕಾರಿನ ಬಗ್ಗೆ ಬರೆಯುವ ಮುನ್ನ ಸಾವಿತ್ರಮ್ಮತ್ತೆಯನ್ನು ಹಿಂದೆ ಕೂರಿಸಿಕೊಂಡು ಯಗಟಿಯ ಗುಂಡಿ ರಸ್ತೆಯಲ್ಲಿ ಹೋಗಿಬರುತ್ತಿದ್ದಿರಿ. "ಶೋರೂಮಿನೋರು ಮುಂದಿನ ಸೀಟು ತೋರಿಸ್ತಾರೆ ಕಣೇ. ಸತ್ಯ ಹಿಂದಿನ ಸೀಟಲ್ಲಿ ಕೂತಿರುತ್ತೆ" ಎಂದು ನನಗೆ ಹೇಳುತ್ತಿದ್ದಿರಿ. ಒಮ್ಮೆ ಅತ್ತೆ ಇಳಿದವರೇ, "ಇದಕ್ಕಿಂತ ಕುರಿ ಲಾರಿ ವಾಸಿ ಕಣ್ರೀ" ಅಂದರು. ಅದನ್ನೇ ತಲೆಬರಹ ಮಾಡಿದಿರಿ. ಆ ಕಂಪನಿ ಜಾಹೀರಾತು ನಿಲ್ಲಿಸಿತು. ಗ್ರಾಹಕರ ಹಕ್ಕಿನ ಕರಪತ್ರಗಳನ್ನು ಓದಿಯೇ ಬೆಳೆದ ನನಗೆ ಅದಕ್ಕಿಂತ ದೊಡ್ಡ ಹೋರಾಟ ಇನ್ನೂ ಕಂಡಿಲ್ಲ.

ಅತ್ತೆ ಊಟವಾದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಆ ದನಿ ಕೇಳುತ್ತಾರೆ. ನಾನು ರೇಗಿದರೆ, "ನಿಂಗೇನೇ ಕಷ್ಟ? ಮಾತಾಡ್ಲಿ ಬಿಡು" ಅನ್ನುತ್ತಿದ್ದರು. ಕಳೆದ ವಾರ ಅದು ಹೇಳಿತು: "ಕೆಮ್ಮಣ್ಣುಗುಂಡಿ ಘಾಟಿಯಲ್ಲೂ ನನ್ನ ಹೆಂಡತಿ ಹಿಂದೆ ಹಾಯಾಗಿ ನಿದ್ದೆ ಮಾಡಿದಳು." ಆ ಕಾರು ಮಾರುಕಟ್ಟೆಗೆ ಬಂದದ್ದೇ ನೀವು ಹೋದ ಮೇಲೆ. ಅತ್ತೆ ಬೆಚ್ಚಿದರು. "ನಾನ್ಯಾವಾಗ ಕೂತಿದ್ನೇ?" ಮರುದಿನ ಮೆಲ್ಲಗೆ, "ಕೂತಿದ್ದೆ ಅನ್ಸುತ್ತೆ ಕಣೇ. ಸೀಟು ತಣ್ಣಗಿತ್ತು" ಅಂದರು. ದನಿ ಕದ್ದವರು ಈಗ ಅವರ ನೆನಪಿಗೂ ಕೈ ಹಾಕಿದ್ದರು.

ನಿಮ್ಮ ದನಿಯನ್ನು ನಿಲ್ಲಿಸಬೇಕೆಂದು ಆ ವೆಬ್‌ಸೈಟಿನವರ ಮೇಲೆ ದೂರು ಬರೆದೆ. ನಿಮ್ಮ ಹೆಂಡತಿಯಾಗಿ ಸಹಿ ಅತ್ತೆಯೇ ಹಾಕಬೇಕಿತ್ತು. "ಹಾಕ್ಬಿಟ್ರೆ ಮನೆ ಪೂರ್ತಿ ಸುಮ್ನಾಗೋಗುತ್ತಲ್ಲೇ" ಎಂದು ದಿನ ತಳ್ಳಿದರು. ಇವತ್ತು ಪೆನ್ನು ಹಿಡಿದರು. ಅರ್ಧ ಸಹಿ ಆಗಿತ್ತು. ಮಡಿಲಿನ ಫೋನು ತಾನಾಗಿಯೇ ಮುಂದಿನ ಕಾರಿನ ವಿಡಿಯೊಗೆ ಹೋಯಿತು. "ಸಾವಿತ್ರಿ, ಹತ್ತು. ಹೊರಡೋಣ."

"ಬಂದೆ ಕಣ್ರೀ" ಎಂದು ಅತ್ತೆ ಸೆರಗು ಹೊದ್ದು ಎದ್ದೇಬಿಟ್ಟರು. ಅಂಗಳಕ್ಕೆ ಇಳಿದು ಗೇಟಿನವರೆಗೂ ಹೋದರು. ರಸ್ತೆಯಲ್ಲಿ ಏನೂ ಇರಲಿಲ್ಲ. ಕಾರಿನ ಬಾಗಿಲು ಹುಡುಕುವವರಂತೆ ಗಾಳಿಯಲ್ಲಿ ಕೈ ಚಾಚಿ ನಿಂತರು. ಆಮೇಲೆ ತಾವಾಗಿಯೇ ತಿರುಗಿ ಬಂದರು.

"ಅವ್ರು ಹೆಂಗಿತ್ತು ಅಂತ ನನ್ನ ಕೇಳೋರು ಕಣೇ. ಇದು ಕೇಳೋದೇ ಇಲ್ಲ" ಎಂದು ಉಳಿದರ್ಧ ಸಹಿ ಹಾಕಿದರು.

ಮಾವ, ಇನ್ನು ಮಾತಾಡಬೇಡಿ. ನಿಮ್ಮ ಮೌನವಾದರೂ ನಿಮ್ಮದೇ ಆಗಿರಲಿ.

ನಿಮ್ಮ
ಬೃಂದಾ