ಬಹುವಚನ

೩ ಜೂನ್ ೨೦೨೪, ಸೋಮವಾರ. ಶಿರಾ.

ಬುಕ್ಕಾಪಟ್ಟಣದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಇವರ ತಲೆಗೆ ಪೆಟ್ಟು. ಆಪರೇಷನ್. ಮನೆಗೆ ಬಂದು ವಾರ. ಎಲ್ಲರ ಗುರುತೂ ಹಿಡಿಯುತ್ತಾರೆ, ಹೆಂಡತಿ ನನ್ನೊಬ್ಬಳನ್ನು ಬಿಟ್ಟು.

ಕಾಫಿ ಕೊಟ್ಟೆ. ಎದ್ದು ನಿಂತು ತೆಗೆದುಕೊಂಡರು.

"ನಮ್ಮ ಲೋಹಿತಾ ಥರಾನೇ ಇದೀರ. ಅವ್ಳ ಸೀರೆ ಬೇರೆ ಉಟ್ಕಂಡಿದೀರ. ಕೇಳಿದ್ರಾ ಅವಳ್ನ?"

"ಕೇಳಿದೆ," ಅಂದೆ.

"ಹುಷಾರು ಕಣಮ್ಮ. ಅವಳ್ದು ಬಾಯಿ ಜೋರು."

ಈ ಮನೆಯಲ್ಲಿ ಜೋರಾಗಿ ಮಾತಾಡಿದ ನೆನಪು ನನಗಿಲ್ಲ.

೫ ಜೂನ್

ಡಾಕ್ಟರ್ ಪ್ರಕಾರ ಮುಖ ತಿಳಿಯುತ್ತದೆ, ನಮ್ಮವಳು ಅನ್ನಿಸುವುದು ಮಾತ್ರ ಆಗುತ್ತಿಲ್ಲ. ಪೆಟ್ಟು ಬಿದ್ದ ಜಾಗ ಅಂಥದ್ದು. ಮಾತ್ರೆಯಿಂದ ಸರಿಹೋಗಬಹುದು. ನುಂಗಬೇಕಲ್ಲ...

"ಹೊರಗಿನವ್ರ ಕೈಲಿ ಔಷಧಿ ತಗಳಲ್ಲ. ಬೇಜಾರ್ ಮಾಡ್ಕಬ್ಯಾಡಿ."

ಮುಖ ಕಾಣದಿದ್ದರೆ ದನಿ ನಂಬುತ್ತಾರೆ. ತಾರಸಿಗೆ ಹೋಗಿ ಕೆಳಗಿದ್ದ ಇವರಿಗೆ ಫೋನ್ ಮಾಡಿದೆ.

"ಲೇ, ಎಲ್ಲಿ ಸತ್ತೆ? ಬಾರೇ ಮನೆಗೆ. ಇಲ್ಲೊಬ್ರು ಅವ್ರೆ, ಪಾಪ, ಒಳ್ಳೇವ್ರು. ನಿನಗಿಂತ ಚೆನ್ನಾಗ್ ಮುದ್ದೆ ಮಾಡ್ತಾರೆ."

ಮಾತ್ರೆಯ ವಿಷಯ ಹೇಳಲೆಂದೇ ಹತ್ತಿದ್ದೆ. ಹೇಳದೆ ಇಳಿದೆ.

೬ ಜೂನ್

"ನಿಮ್ದು ಊಟ ಆಯ್ತಾ?" — ಇವರು ಕೇಳಿದ್ದು. ಮದುವೆಯಾದ ಮೇಲೆ ಇದೇ ಮೊದಲು.

ಅನುವಾದದ ಕಾದಂಬರಿಗಳಲ್ಲಿ ಗಂಡ ಹೆಂಡತಿಗೆ 'ನೀವು' ಎನ್ನುತ್ತಾನೆ. ಅದು ಅನುವಾದಕರ ಕೈತಪ್ಪು ಎಂದುಕೊಂಡಿದ್ದೆ. ಕೇಳಲು ಚೆನ್ನಾಗಿರುತ್ತದೆ.

೧೪ ಜೂನ್, ಸಂಜೆ

ಓದಲಾಗುತ್ತಿಲ್ಲ. ಕೂರುವುದು, ಏಳುವುದು, ಮತ್ತೆ ಅದೇ ಪುಟ. ಮಾತ್ರೆ ಒಂದೂ ಖರ್ಚಾಗಿಲ್ಲ. ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಮಧ್ಯಾಹ್ನ ನೋಡಿದರೆ ಇವರಿಲ್ಲ. ಎದುರುಮನೆ ಪೆದ್ದಣ್ಣ ಹುಡುಕಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ.

"ಹೈವೇ ಮಧ್ಯ ನಿಂತು ಲಾರಿಗೆ ಕೈ ಅಡ್ಡ ಹಾಕ್ತಾವ್ರೆ ಕಣಮ್ಮ. ಹೆಂಡ್ತಿ ತೌರಲ್ಲವ್ಳೆ, ಮದಲೂರಿಗೆ ಬುಡ್ರಪ್ಪಾ ಅಂತ. ಚೂರಲ್ಲಿ ತಪ್ತು."

ಚಪ್ಪಲಿಯೂ ಇಲ್ಲ. ಪಾದ ತೊಳೆಯಹೋದೆ. ಕಾಲು ಹಿಂದಕ್ಕೆಳೆದುಕೊಂಡರು.

"ನೀವ್ಯಾಕೆ ಮುಟ್ತೀರ... ಅವ್ಳು ಸಿಗ್ಲಿಲ್ಲ ಕಣಮ್ಮ."

ಅತ್ತರು. ನನಗಾಗಿ, ನನ್ನೆದುರೇ.

೧೫ ಜೂನ್, ಬೆಳಿಗ್ಗೆ

ಇವರಿನ್ನೂ ಎದ್ದಿಲ್ಲ. ಇವತ್ತು ತಾರಸಿಯಿಂದ ಹೇಳಿಬಿಡುತ್ತೇನೆ — ಆ ಹೆಂಗಸು ಕೊಡುವ ಮಾತ್ರೆ ನುಂಗಿ, ನಾನೇ ಹೇಳಿಟ್ಟಿದ್ದೇನೆ ಎಂದು. 'ಲೇ' ವಾಪಸ್ಸು ಬಂದರೆ ಬರಲಿ.

ಮೊದಲು ಕಾಫಿ. ಇನ್ನೊಂದು ಸಲ ಎದ್ದು ನಿಂತು ತೆಗೆದುಕೊಳ್ಳಲಿ. ಆಮೇಲೆ —