ದೋಣಿಯಲ್ಲಿ ನಮಸ್ಕಾರ

ಡರ್ಹಮ್
೨೭ ಏಪ್ರಿಲ್ ೧೯೯೬

ಮಗಳೇ ಹರಿಣಿ,

ನಿನ್ನ ಅಪ್ಪನ ಮನಸಾರೆ ಹಾರೈಕೆ. ಹದಿನೈದು ದಿನದಿಂದ ನಿನ್ನ ಫೋನ್ ಬಂದಾಗಲೆಲ್ಲ ರಿಸೀವರನ್ನು ಅಮ್ಮನ ಕೈಗಿತ್ತು ಹಿತ್ತಲಿಗೆ ಓಡಿದ್ದೇನೆ. ಕ್ಷಮಿಸು. ಮೈಸೂರಿನ ಮೆಡಿಕಲ್ ಕಾಲೇಜಿನ ನಾಟಕಗಳಲ್ಲಿ ಮೈಕಿಲ್ಲದೆ ರಾಜಪಾರ್ಟು ಮಾಡಿ ಕೊನೆಯ ಬೆಂಚಿನವರನ್ನೂ ನಡುಗಿಸಿದ ಗಂಟಲು ನಿನ್ನ ಒಂದು "ಹಲೋ, ಅಪ್ಪಾ"ಗೆ ಏಳದಾಯಿತು. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಈ ಕಾಗದ ಅವಳಿಗೆ ತೋರಿಸಿಲ್ಲ.

ನೀನು ರಾಜೀವನಿಗೆ ಉಂಗುರ ಹಿಂದಿರುಗಿಸಿದೆಯೆಂದು ನಿನ್ನೆ ಅವಳೇ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನನ್ನು ಮದುವೆಯಾಗಲು ನನ್ನ ಒಪ್ಪಿಗೆ ಕೇಳಲೆಂದೇ ಅವನು ವಾಷಿಂಗ್ಟನ್ನಿನಿಂದ ಬಂದಿದ್ದ. ಒಮ್ಮೆ ಮದುವೆ ಮುರಿದುಕೊಂಡವನು ಎಂದು ನಾನು ಮುಖ ಊದಿಸಿಕೊಂಡಿದ್ದೆ. ಮನೆಯಲ್ಲಿ ಮಾತೆತ್ತಿದರೆ ಅಮ್ಮ ನಡುವೆ ಬರುತ್ತಾಳೆ; ಆದ್ದರಿಂದ "ವಾಲೈ ಮೀನು ಹಿಡಿಯೋಕೆ ಬಾರಯ್ಯಾ" ಎಂದು ಜೇಮ್ಸ್ ಸರೋವರಕ್ಕೆ ಕರೆದುಕೊಂಡು ಹೋದೆ. ಮೂರು ಗಂಟೆಯ ದಾರಿ. ಅಲ್ಲಿ ಇಬ್ಬರೂ ಒಂದು ಸಣ್ಣ ದೋಣಿ ಹತ್ತಿದೆವು.

ವಸಂತದಲ್ಲಿ ಆ ಮೀನು ನದಿ ಬಂದು ಸೇರುವ ಕಡೆ ಬಂಡೆಗಳ ಬಳಿ ಸೇರುತ್ತದೆ. ಮೊದಲ ಮೀನನ್ನು ಗಾಳದಿಂದ ಬಿಡಿಸಿ, ಎಂದಿನಂತೆ ನೀರಿಗೇ ಬಿಟ್ಟೆ. ರಾಜೀವ ನಕ್ಕ. "ಏನಂಕಲ್, ಡಾಕ್ಟರ್ ಬುದ್ಧಿ ಬಿಡ್ಲಿಲ್ವಲ್ಲ! ಮೀನಿಗೂ ಚೆಕಪ್ ಮಾಡಿ ಡಿಸ್ಚಾರ್ಜ್ ಮಾಡ್ತೀರಾ?" ನಗು ಬಂತು. ನುಂಗಿಕೊಂಡೆ.

ಆಮೇಲೆ ಅವನು ಗಾಳ ಕೆಳಗಿಟ್ಟ. "ಅಂಕಲ್, ಹರಿಣಿ ವಿಷಯ..."

"ಆಗಲ್ಲ" ಎಂದೆ. ದಡದ ಹಕ್ಕಿ ಹಾರಿಹೋಗುವಷ್ಟು ಜೋರಾಗಿ.

ಅವನ ಮುಖ ಸಪ್ಪಗಾಯಿತು. "ಸರಿ ಅಂಕಲ್. ಮಧ್ಯಾಹ್ನನೇ ಹೊರಡ್ತೀನಿ. ಆಶೀರ್ವಾದ ಆದ್ರೂ ಮಾಡಿ" ಎಂದು ನನ್ನ ಕಾಲು ಮುಟ್ಟಲು ಬಗ್ಗಿದ. ಮುಂದಿನ ಕ್ಷಣ ದೋಣಿ ಮಗುಚಿತ್ತು.

ಏಪ್ರಿಲ್ ತಿಂಗಳ ಆ ನೀರು, ಮಗಳೇ! ಎದೆಯೊಳಗಿನ ಉಸಿರು ಕಲ್ಲಾಯಿತು. ನನ್ನ ಲೈಫ್ ಜಾಕೆಟನ್ನು ನಾನು ದಿಂಬಿನಂತೆ ಕೆಳಗೆ ಹಾಕಿಕೊಂಡು ಕೂತಿದ್ದೆ, ಅದು ತೇಲಿಹೋಯಿತು. ರಾಜೀವ ತನ್ನದನ್ನು ಬಿಚ್ಚಿ ನನ್ನ ತೋಳಿಗೆ ಸಿಕ್ಕಿಸಿದ. "ಬೋಟ್ ಬಿಡ್ಬೇಡಿ ಅಂಕಲ್! ನಿದ್ದೆ ಮಾಡ್ಬೇಡಿ! ಯಾವ್ದಾದ್ರೂ ಡೈಲಾಗ್ ಹೇಳಿ, ಜೋರಾಗಿ ಹೇಳಿ!" ಎಂದು ಕೂಗಿದ. ಒಂದು ಸಾಲೂ ನೆನಪಾಗಲಿಲ್ಲ. ಅವನ ತುಟಿ ನೀಲಿಯಾಗುತ್ತಿತ್ತು, ಕೂಗು ಪಿಸುಮಾತಾಯಿತು. ಕಡೆಗೆ ಇನ್ನೊಂದು ದೋಣಿಯವರು ಬಂದು ನಮ್ಮಿಬ್ಬರನ್ನೂ ಎಳೆದುಕೊಂಡರು.

ಹಲ್ಲು ಕಟಕಟಿಸುತ್ತಲೇ ಅವನು ಅವರಿಗೆ ಹೇಳಿದ್ದು: "ತಪ್ಪು ನನ್ನದು, ನಾನು ಬಗ್ಗಿದೆ."

ನ್ಯುಮೋನಿಯ ಆಗಿ ಅವನು ಐದು ದಿನ ಆಸ್ಪತ್ರೆಯಲ್ಲಿದ್ದ. ನೀನು ಫೋನಿನಲ್ಲಿ ಅಮ್ಮನ ಹತ್ತಿರ, "ಅಪ್ಪ ಸತ್ತುಹೋಗ್ತಿದ್ರು! ಬೋಟಲ್ಲಿ ಯಾರು ನಮಸ್ಕಾರ ಮಾಡ್ತಾರೆ? ಸ್ಟುಪಿಡ್! ಐ ಆ್ಯಮ್ ಡನ್" ಎಂದೆಯಂತೆ. ಪಕ್ಕದ ಊರು ಕ್ಯಾರಿಯಲ್ಲಿ ಕನ್ನಡ ಸಂಘದ ಊಟದ ದಿನ ನಾನು ಈ ಕಥೆಯನ್ನು ಅಭಿನಯ ಸಮೇತ ಹೇಳಿದೆ. "ಅಳಿಯ ಆಗೋಕೆ ಮುಂಚೆನೇ ಮಾವನ್ನ ಮುಳುಗಿಸಿಬಿಟ್ಟ ನೋಡ್ರೀ!" ಎಂದು ಗೆಳೆಯ ಶೇಷಾದ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಮೇಲಿನ ಸಿಟ್ಟಿಗೂ ನಿನ್ನ ನಿದ್ದೆ ಕೆಡದಿರಲಿ. ನೂರು ವರ್ಷ ನಗುನಗುತ್ತಾ ಬಾಳು, ತಾಯಿ.

ನಿನ್ನ ಅಪ್ಪ
ಬದರಿನಾಥ

ತಾ.ಕ.: ಅವನು ಬಗ್ಗಿದ್ದರಿಂದ ದೋಣಿ ಮಗುಚಲಿಲ್ಲ. ಮಂಡಿಯೂರಿ, ಒಂದು ಕೈಯಲ್ಲಿ ಅಂಚು ಹಿಡಿದು, ಬಹಳ ಹುಷಾರಾಗಿ ಬಗ್ಗಿದ್ದ. ಅವನ ಬೆರಳು ತಾಗಬಾರದೆಂದು ನಾನು ಕಾಲನ್ನು ಹಿಂದಕ್ಕೆಳೆದುಕೊಂಡು, ದಡಬಡಿಸಿ ಎದ್ದು ನಿಂತೆ. ಮಗುಚಿದ್ದು ಆಗ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನಿಂತಿದ್ದಾಗ, "ಹರಿಣಿಗೆ ಹೇಳ್ಬೇಡಿ ಅಂಕಲ್. ಅವಳು ನಿಮ್ಮನ್ನ ಕ್ಷಮಿಸಲ್ಲ" ಎಂದ.

ನಾನು "ಸರಿ" ಎಂದೆ.