ನಾಲ್ಕನೇ ಟೇಬಲ್ ಯಾಕೆ ಬೇಡವಾಯಿತು

ಫೆಬ್ರವರಿ 27, ಗುರುವಾರ

ಕಾರ್ಖಾನೆಯಲ್ಲಿ ಇವತ್ತು ನೂರ ಹದಿನಾಲ್ಕು ಪಂಪ್ ಶಾಫ್ಟ್ ತಪಾಸಣೆ ಮಾಡಿದೆ. ಒಂಬತ್ತು ಬಾಗಿದ್ದವು, ಬೇಡ ಅಂತ ಕೆಂಪು ಚೀಟಿ ಅಂಟಿಸಿದೆ. ಸೂಪರ್‌ವೈಸರ್ ಮುಖ ಊದಿಸಿಕೊಂಡ. "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಬಾಗಿದ ಕಬ್ಬಿಣ ಅಡ್ಜಸ್ಟ್ ಆಗುತ್ತದೆಯೇ? ಪಂಪಿನೊಳಗೆ ಕೂತು ಕಿರುಚುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಚೀಟಿ ಬರೆದವಳಲ್ಲ ನಾನು. ಇವನಿಗಾಗಿ ಶುರು ಮಾಡಬೇಕಂತೆ.

ಮನೆಗೆ ಬಂದರೆ ಇವರು ಹಿಂದಿನ ಕೋಣೆ ಖಾಲಿ ಮಾಡುತ್ತಿದ್ದಾರೆ. ಹಳೆ ಟೈರು, ಇಸ್ತ್ರಿ ಟೇಬಲ್ಲು, ಇವರ ಡ್ರೈವಿಂಗ್ ಸ್ಕೂಲಿನ ಬೋರ್ಡುಗಳು — ಎಲ್ಲ ಹಾಲ್‌ನಲ್ಲಿ.

"ಗೇಮ್ ರೂಮ್ ಮಾಡೋಣ ಕಣೇ. ಸೆಕೆಂಡ್ ಹ್ಯಾಂಡ್ ಫುಸ್‌ಬಾಲ್ ಟೇಬಲ್ ಒಂದು ಹಾಕಿದ್ರೆ ಮಗು ಇಲ್ಲೇ ಇರ್ತಾಳೆ."

ಟೇಬಲ್ ಮೇಲಿನ ಫುಟ್‌ಬಾಲ್, ಕಂಬಿಗೆ ಚುಚ್ಚಿದ ಬೊಂಬೆಗಳು. ಕಂಬಿ ತಿರುಗಿಸಿದರೆ ಚೆಂಡು ಒದೆಯುತ್ತವೆ. ಅದನ್ನು ನೋಡಿ ಹುಡುಗಿ ಅಜ್ಜಿಯನ್ನು ಬಿಟ್ಟು ಓಡಿ ಬರುತ್ತಾಳಂತೆ. ಏನು ಬುದ್ಧಿವಂತಿಕೆ!

ಮಗು ಅಂದರೆ ಇವರ ಮಗಳು. ಹನ್ನೊಂದು ವರ್ಷ. ತಾಯಿ ತೀರಿಹೋದಾಗಿನಿಂದ ಅಜ್ಜಿಯ ಮನೆ. ಶನಿವಾರ ಭಾನುವಾರ ಮಾತ್ರ ಇಲ್ಲಿ. ಇವರನ್ನು ಮದುವೆಯಾಗಿ ನಾನು ಈ ಮನೆಗೆ ಬಂದು ಎಂಟು ತಿಂಗಳು. ಬರುವ ವರ್ಷ ಅಲ್ಲಿಯ ಶಾಲೆಯೋ, ನಮ್ಮ ಬೀದಿಯ ಶಾಲೆಯೋ — ಮಾರ್ಚ್ 31ರೊಳಗೆ ಹೇಳಬೇಕು. ತೀರ್ಮಾನ ಅವಳದೇ ಅಂತ ಅಪ್ಪ, ಅಜ್ಜಿ ಇಬ್ಬರೂ ಒಪ್ಪಿಬಿಟ್ಟಿದ್ದಾರೆ. ದೊಡ್ಡವರಂತೆ ದೊಡ್ಡವರು!

ಬಂದರೆ ಬರಲಿ. ಇಲ್ಲದಿದ್ದರೆ ಬಿಡಲಿ. ನನಗೇನು.

ಮಾರ್ಚ್ 1, ಶನಿವಾರ

ಮೂವರೂ ಹೋಗಿ ನೋಡಿದ ಮೊದಲನೇ ಟೇಬಲ್. ಜಿಮ್ ನಡೆಸುವವನದು. ತೋಳು ಇಷ್ಟು ದಪ್ಪ, ಬಾಯಿ ಅದಕ್ಕಿಂತ ದೊಡ್ಡದು. "ಇಂಪೋರ್ಟೆಡ್ ಪೀಸ್ ಸರ್, ಕಣ್ಣು ಮುಚ್ಕೊಂಡು ತಗೊಳ್ಳಿ." ಕಣ್ಣು ಮುಚ್ಚಿಕೊಂಡೇ ತೆಗೆದುಕೊಳ್ಳಬೇಕು. ತೆರೆದರೆ ಯಾರು ತೆಗೆದುಕೊಳ್ಳುತ್ತಾರೆ!

ಇವರು ಎಂದಿನಂತೆ, "ಪರವಾಗಿಲ್ಲ, ಚೆನ್ನಾಗಿದೆ." ಗೋಡೆಗೆ ಕಾರು ಗುದ್ದಿದವರಿಗೂ ಪರವಾಗಿಲ್ಲ, ಚೆನ್ನಾಗಿದೆ ಅನ್ನುವ ಮನುಷ್ಯ.

ಚೆಂಡನ್ನು ನಡುವೆ ಇಟ್ಟು ಕೈಬಿಟ್ಟೆ. ಮೆಲ್ಲಗೆ ಉರುಳಿತು... ಎಡಗಡೆಯ ಗೋಲಿಗೇ ಹೋಗಿ ಬಿತ್ತು.

"ಇದಕ್ಕೆ ಆಡೋರೇ ಬೇಡ," ಅಂದಳು ಹುಡುಗಿ.

ಎಂಟು ತಿಂಗಳಲ್ಲಿ "ಊಟ ಬೇಡ" ಬಿಟ್ಟರೆ ನನ್ನ ಕಡೆ ತಿರುಗಿ ಆಡಿದ ಮೊದಲ ಮಾತು. ನಾನು ನೋಡಿದರೆ ಅವಳು ಕಿಟಕಿ ನೋಡುತ್ತಿದ್ದಳು.

ಮಾರ್ಚ್ 8, ಶನಿವಾರ

ಎರಡನೆಯದು ಟೆರೇಸಿನ ಮೇಲೆ. ಒಡತಿ ಅವಸರವಾಗಿ ಕಂಬಿಗಳಿಂದ ಸಾಕ್ಸ್ ತೆಗೆಯುತ್ತಿದ್ದಳು. ಕಂಬಿಗಳಿಗೆಲ್ಲ ತುಕ್ಕು. ಗೋಲ್‌ಕೀಪರ್ ಕುತ್ತಿಗೆಗೆ ಬಟ್ಟೆ ಕ್ಲಿಪ್ಪು. "ಜಾಸ್ತಿ ಆಡಿಲ್ಲ," ಅಂತ ಹಲ್ಲು ಕಿರಿದಳು.

"ಆಡಿಲ್ಲ, ಒಣಗಿಸಿದೀರ," ಅಂದಳು ಹುಡುಗಿ.

ಮೈಯೆಲ್ಲ ನಾಲಿಗೆ ಇದಕ್ಕೆ. ಬ್ಯಾಗಿನಲ್ಲಿದ್ದ ಟಾರ್ಚ್ ಕೊಟ್ಟೆ. ಟೇಬಲ್ ಅಡಿಗೆ ತೂರಿದಳು. ಒಳಗಿಂದಲೇ ವರದಿ: "ಎರಡು ಸ್ಕ್ರೂ ಇಲ್ಲ. ಒಂದು ಕಡೆ ಪ್ಲೈವುಡ್ ಉಬ್ಬಿದೆ. ಜೇಡ ಇದೆ, ಅದು ಚೆನ್ನಾಗಿದೆ." ಹೊರಬಂದು, ತಲೆಯ ಬಲೆ ಕೊಡವಿಕೊಳ್ಳುತ್ತಾ, "ಕೆಂಪು ಚೀಟಿ ಇದ್ಯಾ?"

ನನ್ನ ಕೆಲಸದ ವಿಷಯ ಯಾರು ಹೇಳಿದರೋ.

ಕಾರಿನಲ್ಲಿ ಒಡತಿಯ ಹಾಗೆ ಹಲ್ಲು ಕಿರಿದು ತೋರಿಸಿದಳು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಬಂತು. ಇವರಿಗೆ ಕೋಪ. "ಇಬ್ರೂ ಸೇರ್ಕೊಂಡು ಜನರ ಮರ್ಯಾದೆ ತೆಗೀತೀರಲ್ಲ!" ಇದ್ದರೆ ತಾನೇ ತೆಗೆಯುವುದು.

ಮಾರ್ಚ್ 15, ಶನಿವಾರ

ಮೂರನೆಯದು. ಐದು ಬೊಂಬೆಗೆ ತಲೆ ಇಲ್ಲ. ಮಾರುವವನಿಗೂ ಇದ್ದ ಹಾಗೆ ಕಾಣಲಿಲ್ಲ. "ತಲೆ ಯಾಕೆ ಮೇಡಂ, ಒದೆಯೋದು ಕಾಲು ತಾನೆ?" ಹುಡುಗಿ ನೋಟ್‌ಬುಕ್ಕಿನ ಹಾಳೆ ಹರಿದು, ಕೆಂಪು ಪೆನ್ನಿನಲ್ಲಿ ಬರೆದು, ಅವನೆದುರೇ ಅಂಟಿಸಿ ಬಂದಳು. ಕಾರಣ: ಮಾಲೀಕ.

ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳು. "ಮುಂದಿನ ಶನಿವಾರ ಎಲ್ಲಿಗೆ?"

ಕ್ಯಾಲೆಂಡರ್ ನೋಡಿದೆ. ಇನ್ನು ಎರಡೇ ಶನಿವಾರ.

ಮಾರ್ಚ್ 18, ಮಂಗಳವಾರ. ಲಂಚ್ ಬ್ರೇಕ್

ಫೋನಿನಲ್ಲಿ ಜಾಹೀರಾತು ನೋಡುತ್ತಾ ಕೂತಿದ್ದೇನೆ. ಚೆನ್ನಾಗಿರುವುದನ್ನು ಕಂಡರೆ ಬೆರಳು ತಾನಾಗಿ ಮುಂದಕ್ಕೆ ಸರಿಸುತ್ತದೆ. ಮೂರು ಕಾಲಿನದೊಂದು ಸಿಕ್ಕಿತು, ನಾಲ್ಕನೇ ಕಾಲಿನ ಜಾಗದಲ್ಲಿ ಬಕೆಟ್. ಅದಕ್ಕೆ ಗುರುತು ಹಾಕಿಕೊಂಡೆ. ಅವಳಿಗೆ ಹಬ್ಬ.

ಏನಾಗಿದೆ ನನಗೆ? ಟೇಬಲ್ ಹುಡುಕುತ್ತಿದ್ದೇನೋ, ಟೇಬಲ್ ಸಿಗದ ಹಾಗೆ ನೋಡಿಕೊಳ್ಳುತ್ತಿದ್ದೇನೋ. ನಾಚಿಕೆಗೇಡು.

ಮಾರ್ಚ್ 22, ಶನಿವಾರ

ಬಕೆಟ್ಟಿನ ಟೇಬಲ್ ನೋಡಲು ಇವರು ಬಿಡಲಿಲ್ಲ. ತಾವೇ ಒಂದು ಹುಡುಕಿದ್ದರು. ಶಾಲೆಯ ನಿವೃತ್ತ ಡ್ರಿಲ್ ಮಾಸ್ಟರದು.

ಬಾಗಿಲು ತೆರೆದ ತಕ್ಷಣ ಕೆಟ್ಟೆ ಅಂದುಕೊಂಡೆ. ಒರೆಸಿ ಒರೆಸಿ ಕನ್ನಡಿ ಮಾಡಿಟ್ಟಿದ್ದಾರೆ. ಕಂಬಿ ಒಂದೊಂದನ್ನೂ ಎಳೆದೆ, ತಿರುಗಿಸಿದೆ, ಸ್ಕೇಲ್ ಇಟ್ಟೆ. ಸೂಜಿಯ ಹಾಗೆ ನೇರ. ಬೊಂಬೆಗಳೆಲ್ಲ ಬಿಗಿ. ಚೆಂಡು ಬಿಟ್ಟಲ್ಲೇ ನಿಂತಿತು. ದರಿದ್ರದ್ದು, ಒಂದು ಕೂದಲೆಳೆಯಷ್ಟಾದರೂ ಅಲ್ಲಾಡಬಾರದೇ?

ಇವರು, "ಇದಂತೂ ಪರವಾಗಿಲ್ಲ." ಮೊದಲ ಬಾರಿಗೆ ಸರಿಯಾದ ಜಾಗದಲ್ಲಿ ಅಂದರು.

ಹುಡುಗಿ ಟಾರ್ಚ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಇದಕ್ಕೆ ಹೂಂ ಅಂದರೆ ಮುಗಿಯಿತು. ಬರುವ ಶನಿವಾರ ಅವಳು ಅಪ್ಪನ ಜೊತೆ ಆಟಕ್ಕೆ ನಿಲ್ಲುತ್ತಾಳೆ, ನಾನು ಅಡುಗೆಮನೆಗೆ ನಿಲ್ಲುತ್ತೇನೆ. ಮತ್ತೆ "ಊಟ ಬೇಡ."

"ಹಿಂದಿನ ಕಾಲಲ್ಲಿ ಬಿರುಕಿದೆ," ಅಂದೆ.

ಮಾಸ್ಟರ ಮುಖ ಬಾಡಿತು. "ಇಲ್ವಲ್ಲಮ್ಮ..." ಹುಡುಗಿ ಬಗ್ಗಿದಳು. ಟಾರ್ಚ್ ಹಾಕಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಹೌದು. ಇದೆ."

ಬರುವಾಗ ಕಾರಿನಲ್ಲಿ ಯಾರೂ ನಗಲಿಲ್ಲ. ಆ ಮುದುಕರು ಗೇಟಿನ ತನಕ ಬಂದು ಕೈಮುಗಿದರು, ತಪ್ಪು ಅವರದೇ ಅನ್ನುವ ಹಾಗೆ. ಸೂಪರ್‌ವೈಸರನನ್ನು ನೋಡಿ ಮೂಗು ಮುರಿಯುತ್ತಿದ್ದೆನಲ್ಲ! ನನ್ನ ಮುಖಕ್ಕೆ ಉಗಿಯಬೇಕು. ಜೊತೆಗೆ ಮಗುವಿನ ಬಾಯಲ್ಲೂ ಸುಳ್ಳು ಹೇಳಿಸಿದೆ.

ಮಾರ್ಚ್ 26, ಬುಧವಾರ

ಟೇಬಲ್ ಬಂದಿದೆ. ನಾಲ್ಕನೆಯದೇ.

ಮಾಸ್ಟರು ಬಡಗಿಯನ್ನು ಕರೆಸಿ ತೋರಿಸಿದರಂತೆ. ಬಿರುಕೇ ಇಲ್ಲ ಅಂದನಂತೆ. ಇವರಿಗೆ ಫೋನ್ ಮಾಡಿದ್ದಾರೆ. ಇವರು ನನಗೊಂದು ಮಾತೂ ಹೇಳದೆ ಟೆಂಪೋದಲ್ಲಿ ಹೊರಿಸಿಕೊಂಡು ಬಂದಿದ್ದಾರೆ.

"ನಿನ್ ಕಣ್ಣಿಗೂ ವಯಸ್ಸಾಯ್ತು ಅನ್ಸುತ್ತೆ. ಒಂದ್ಸಲ ತೋರಿಸ್ಕೊಂಡು ಬಾ. ಪರವಾಗಿಲ್ಲ."

ಕಣ್ಣಿಗೆ! ಹತ್ತೊಂಬತ್ತು ವರ್ಷದ ಕಣ್ಣು! ಕುರುಡಿ ಅನ್ನಿಸಿಕೊಳ್ಳುವುದೋ, ಸುಳ್ಳಿ ಅನ್ನಿಸಿಕೊಳ್ಳುವುದೋ? ಕುರುಡಿಯೇ ಇರಲಿ ಅಂತ ಸುಮ್ಮನಾದೆ. ಹೇಡಿ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 10

ಇವರು ಕ್ಲಾಸಿಗೆ ಹೋಗಿದ್ದಾರೆ. ಹುಡುಗಿ ಬಂದವಳೇ ಹಿಂದಿನ ಕೋಣೆಗೆ ಹೋದಳು. ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಕಂಬಿ ಮುಟ್ಟಲಿಲ್ಲ ಅವಳು.

"ಕಾಲಲ್ಲಿ ಬಿರುಕು ಇರ್ಲಿಲ್ಲ," ಅಂದಳು.

"ಇರ್ಲಿಲ್ಲ. ಮತ್ತೆ ನೀನ್ಯಾಕೆ ಹೌದು ಅಂದೆ?"

"ನೀವ್ಯಾಕೆ ಹೇಳಿದ್ರಿ?"

ಯಾವ ಪೀಸಿಗಾದರೂ ನಿಂತ ಕಾಲಲ್ಲಿ ಹತ್ತು ಕಾರಣ ಬರೆಯುವವಳು ನಾನು. ಇದಕ್ಕಿದ್ದದ್ದು ಒಂದೇ. ಗೋಡೆ ನೋಡಿಕೊಂಡು ಹೇಳಿದೆ.

"ಟೇಬಲ್ ಸಿಕ್ಕಿಬಿಟ್ರೆ ನೀನು ನನ್ ಜೊತೆ ಬರಲ್ಲ ಅಂತ."

ಅವಳೂ ಗೋಡೆ ನೋಡಿದಳು. "ನಂಗೂ ಹಾಗೇ ಅನ್ಸಿತ್ತು." ಆಮೇಲೆ, "ಅಜ್ಜಿಗೆ ಇವತ್ತೇ ಹೇಳ್ಬೇಕು. ಏನು ಹೇಳ್ಲಿ?"

ತೀರ್ಮಾನ ನಿನ್ನದು ಅನ್ನಬೇಕಿತ್ತು. ದೊಡ್ಡವರು ಹಾಗೇ ಅನ್ನುವುದು. "ಇಲ್ಲೇ ಇರು ಕಣೇ," ಅಂದುಬಿಟ್ಟೆ. ಥೂ. ಕಾರ್ಖಾನೆಯಲ್ಲಿ ಯಾರಾದರೂ ಕೇಳಿದ್ದರೆ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ಅವಳು ನನ್ನ ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಸುಮ್ಮನೆ ಕಾಯಲಾರದೆ ಬರೆಯುತ್ತಾ ಕೂತಿದ್ದೇನೆ. ಮೊದಲು ಪಿಸುಮಾತು. ಈಗ ನಗು. ನನ್ನನ್ನೇ ಆಡಿಕೊಳ್ಳುತ್ತಿರಬೇಕು, ಪಿಶಾಚಿ. ಅಜ್ಜಿಗೆ ಕಿವಿ ಮಂದ, ಪಿಸುಮಾತು ಕೇಳಿಸಿರಲಿಕ್ಕಿಲ್ಲ, ಕೂಗಿಯೇ ಹೇಳಬೇಕು. ಹೇಳುತ್ತಿದ್ದಾಳೆ —

"ಇಲ್ಲಜ್ಜೀ, ಇವ್ರಿಗೆ ನೆಟ್ಟಗೆ ಸುಳ್ಳು ಹೇಳೋಕೂ ಬರಲ್ಲ. ಇಲ್ಲೇ ಇದ್ದು ನಾನೇ ಕಲಿಸ್ಬೇಕು. ನನ್ ಬಟ್ಟೆ ಎಲ್ಲಾ—"

ಬಾಗಿಲು ತೆಗೆದಳು. ಈ ಡೈರಿಯನ್ನು ಎಲ್ಲಿ ಬಚ್ಚಿಡ—